ಅರ್ಧ ಕೇಳಿದ ಹಾಡು

ಓದುಗರ ಪತ್ರ: ಮಗಳು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಹುಡುಗರ ತಂಡವೊಂದು ಇಂಗ್ಲಿಷ್ ಹಾಡು ಹಾಡಿತು. ಸಭಾಂಗಣವೆಲ್ಲ ಎದ್ದು ಕುಣಿಯಿತು, ಶಿಳ್ಳೆ ಹೊಡೆಯಿತು. ನಿಜ ಹೇಳಬೇಕೆಂದರೆ ನನ್ನ ಕಾಲೂ ತಾಳ ಹಾಕಿತು. ಊರಿಗೆ ಬರುವಾಗ ಕಾರಿನಲ್ಲಿ ಮಗಳನ್ನು ಅರ್ಥ ಕೇಳಿದೆ. ಅಪ್ಪನ ಬೀರುವಿನಲ್ಲಿ ರಿವಾಲ್ವರ್ ಸಿಕ್ಕಿದ ಹುಡುಗ ಓರಗೆಯ ಮಕ್ಕಳನ್ನು ಕೊಲ್ಲುವ ಯೋಚನೆ ಮಾಡುವ ಹಾಡಂತೆ. ಕೇಳಿ ಮೈ ನಡುಗಿತು. ಇಂಥ ಹಾಡನ್ನು ಲೋಕವೆಲ್ಲ ಮೆಚ್ಚಿದ್ದು ಹೇಗೆ? ಕಾಲೇಜುಗಳಲ್ಲಿ ಇದನ್ನು ನಿಲ್ಲಿಸಿ ಎಂದು ನಿಮ್ಮ ಪತ್ರಿಕೆ ಬರೆಯಬಾರದೇ? ನಮ್ಮ ಹಿಂದಿನ ಹಾಡುಗಳಲ್ಲಿ ಇಂಥ ಕ್ರೌರ್ಯ ಇತ್ತೇ?
— ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಸಂಪಾದಕರ ಉತ್ತರ:

ಗೌಡ್ರೇ, ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರ ಓದಿ ಖುಷಿಯಾಯಿತು. ನಮಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ರಸ್ತೆ, ಕರೆಂಟು, ಆನೆ ಕಾಟದ ಮೇಲೆ. ಅವೂ ಬೇಕು. ಆದರೆ ಒಂದು ಹಾಡು ಕೇಳಿ ನಿದ್ದೆಗೆಟ್ಟು, ಎರಡು ಹಾಳೆ ತುಂಬಾ ಬರೆದವರು ಅಪರೂಪ. ಅದಕ್ಕಿಂತ ಹೆಚ್ಚಾಗಿ ನೀವು ಮಗಳ ಹತ್ತಿರ ಅರ್ಥ ಕೇಳಿದ್ದೀರಿ. ಆ ದಿನ ಕುಣಿದವರಲ್ಲಿ ಎಷ್ಟು ಜನ ಆ ಕೆಲಸ ಮಾಡಿದ್ದಾರು ಹೇಳಿ?

ನಿಮ್ಮ ಭಯ ಸುಳ್ಳಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 2012ರ ಡಿಸೆಂಬರ್ 14ರಂದು ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬ ಯುವಕ 20 ಪುಟ್ಟ ಮಕ್ಕಳನ್ನೂ ಆರು ಜನ ಸಿಬ್ಬಂದಿಯನ್ನೂ ಗುಂಡಿಟ್ಟು ಕೊಂದ. ಆಗ ಅಲ್ಲಿನ ಎಷ್ಟೋ ರೇಡಿಯೋ ಕೇಂದ್ರಗಳು ಈ ಹಾಡನ್ನು ತೆಗೆದುಹಾಕಿದವು. ಮಗುವನ್ನು ಮಣ್ಣು ಮಾಡಿ ಬಂದ ಅಪ್ಪ ಕಾರಿನ ರೇಡಿಯೋ ಹಾಕಿದಾಗ ಈ ಹಾಡು ಬರಬಾರದು. ಅದು ಸರಿಯೇ.

ಆದರೆ ನಿಷೇಧ ಮಾಡಿ ಎಂದು ಬರೆಯಲಾರೆ. ಯಾಕೆಂದು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನಿಮ್ಮ ಮಗಳು ಹೇಳಿದ ಹಾಡು 'ಪಂಪ್ಡ್ ಅಪ್ ಕಿಕ್ಸ್'. ಶ್ರೀಮಂತರ ಮಕ್ಕಳು ಹಾಕಿಕೊಳ್ಳುವ ದುಬಾರಿ ಶೂಗಳಿಗೆ ಅಲ್ಲಿ ಹಾಗೆನ್ನುತ್ತಾರೆ. ಹಾಡಿದ ತಂಡ ಲಾಸ್ ಏಂಜಲಿಸ್‌ನ 'ಫಾಸ್ಟರ್ ದಿ ಪೀಪಲ್'. ತಂಡದ ಮಾರ್ಕ್ ಫಾಸ್ಟರ್ ಆಗ ಜಾಹೀರಾತುಗಳಿಗೆ ಜಿಂಗಲ್ ಮಾಡಿಕೊಡುವ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಸ್ಟುಡಿಯೋದಲ್ಲೇ ಕೂತು ಹಾಡು ಬರೆದು, ವಾದ್ಯಗಳನ್ನೆಲ್ಲ ತಾವೇ ನುಡಿಸಿ ರೆಕಾರ್ಡ್ ಮಾಡಿಕೊಂಡರು. ಸುಮ್ನೆ ಒಂದು ಕರಡು ಅಂತ ಮಾಡಿದ್ದು ಅದು. ಮುಂದೆ ಜಗತ್ತು ಕೇಳಿದ್ದು ಅದನ್ನೇ. 2010ರಲ್ಲಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಹಾಕಿದರು. ಕಂಪನಿಯ ಬೆಂಬಲ ಇಲ್ಲ, ಟಿವಿ ಪ್ರಚಾರ ಇಲ್ಲ. ಬಾಯಿಂದ ಬಾಯಿಗೆ ಹರಡಿತು. ದೊಡ್ಡ ಕಂಪನಿ ಆಮೇಲೆ ಬಂತು. 2011ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೇರಿ ಎಂಟು ವಾರ ಅಲ್ಲೇ ಕೂತಿತು. ಗ್ರ್ಯಾಮಿ ಸಂಗೀತ ಪ್ರಶಸ್ತಿಗೆ ನಾಮನಿರ್ದೇಶನವೂ ಆಯಿತು.

ಇಷ್ಟು ಚರಿತ್ರೆ. ಈಗ ಹಾಡಿಗೆ ಬರೋಣ. ಇನ್ನೊಂದು ಸಲ ಕೇಳಿ ಗೌಡ್ರೇ, ಇಯರ್‌ಫೋನ್ ಹಾಕಿಕೊಂಡು ಕೇಳಿ. ಶುರುವಿನಲ್ಲೇ ಬೇಸ್ ಗಿಟಾರು ಬರುತ್ತದೆ. ಮೊದಲಿಂದ ಕೊನೆತನಕ ಹೆಚ್ಚುಕಡಿಮೆ ಅದೇ ನಡೆ, ಅದೇ ಸುತ್ತು. ನಿಮ್ಮ ಕಾಲು ತಾಳ ಹಾಕಿದ್ದು ಅದಕ್ಕೆ. ಆಮೇಲೆ ಚರಣ ಶುರುವಾಗುತ್ತದೆ. ಅಲ್ಲಿ ದನಿ ಹಳೇ ಫೋನಿನೊಳಗಿಂದ ಬಂದಂತೆ ಮಂಕಾಗಿದೆ. ಮಾತು ತುಟಿಯೊಳಗೇ ಉಳಿಯುತ್ತದೆ. ಹುಡುಗನ ಕಥೆಯೆಲ್ಲ ಇರುವುದು ಆ ಮಂಕು ದನಿಯಲ್ಲಿ. ಪಲ್ಲವಿ ಬಂದ ಕೂಡಲೇ ಕಿಟಕಿ ತೆಗೆದ ಹಾಗೆ ಬೆಳಕು. ಹಲವು ದನಿಗಳು ಸೇರುತ್ತವೆ. ಕೊನೆಗೆ ಒಂದು ಶಿಳ್ಳೆ. ಜನಕ್ಕೆ ನೆನಪಿರುವುದು ಪಲ್ಲವಿ ಮತ್ತು ಶಿಳ್ಳೆ ಎರಡೇ. ಹುಡುಗ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಹಾಡು ಕಟ್ಟಿರುವುದೇ ಹಾಗೆ. ಆ ಹುಡುಗನ ಬದುಕಿನಲ್ಲಿ ಏನು ನಡೆಯುತ್ತಿದೆಯೋ ನಮ್ಮ ಕಿವಿಯಲ್ಲೂ ಅದೇ ನಡೆಯುತ್ತದೆ. ಅವನು ಮಾತಾಡುತ್ತಾನೆ, ನಾವು ಕುಣಿಯುತ್ತೇವೆ.

ಕಥೆಯಲ್ಲಿ ಇರುವುದಾದರೂ ಏನು? ಗುಂಡು ಹಾರುವುದಿಲ್ಲ, ಯಾರೂ ಸಾಯುವುದಿಲ್ಲ. ಇದನ್ನು ಗಮನಿಸಬೇಕು. ಇರುವುದು ಒಬ್ಬ ಹುಡುಗನ ತಲೆಯೊಳಗಿನ ಓಟ ಅಷ್ಟೇ. ಅಪ್ಪ ಹಗಲೆಲ್ಲ ದುಡಿದು ತಡವಾಗಿ ಬರುತ್ತಾನೆ. ಅಡುಗೆಮನೆಯಲ್ಲಿ ಊಟ ಇದೆ, ಆದರೆ ಐಸಿನಲ್ಲಿ ತಣ್ಣಗೆ ಕೂತಿದೆ. ಅಮ್ಮನ ಸುದ್ದಿಯೇ ಇಲ್ಲ. ನನಗೆ ಆ ಹಾಡಿನಲ್ಲಿ ಅತಿ ಭಯ ಹುಟ್ಟಿಸಿದ್ದು ರಿವಾಲ್ವರಿಗಿಂತ ಜಾಸ್ತಿ ಆ ಊಟ. ಮಗು ಮನೆಗೆ ಬಂದು ಬಾಗಿಲು ತೆಗೆದು, ಒಬ್ಬನೇ ಒಳಗೆ ಹೋಗಿ, ಅದನ್ನು ಹೊರಗೆ ತೆಗೆದು ತಿನ್ನಬೇಕು. 'ತಿಂದ್ಯೇನೋ' ಅಂತ ಕೇಳುವವರಿಲ್ಲ.

ಬರೆದವರು ಈ ನೋವಿನಿಂದ ದೂರ ಕೂತು ಬರೆದದ್ದೂ ಅಲ್ಲ. 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿಯಾದಾಗ ಬದುಕುಳಿದ ಹುಡುಗಿಯೊಬ್ಬಳು ಈ ತಂಡದ ಆಗಿನ ಬೇಸ್ ವಾದಕ ಕಬ್ಬಿ ಫಿಂಕ್ ಅವರ ಸಂಬಂಧಿ. ಮಕ್ಕಳ ಮನಸ್ಸು ಹೀಗೆ ಕೆಡುತ್ತಿರುವುದನ್ನು ಕಂಡು, ಕೊಲ್ಲಲು ಹೊರಟ ಹುಡುಗನ ಒಳಗೆ ಹೊಕ್ಕು ನೋಡಬೇಕೆನಿಸಿ ಬರೆದೆ ಎಂದು ಫಾಸ್ಟರ್ ಹೇಳಿಕೊಂಡಿದ್ದಾರೆ.

ಅದಕ್ಕೆ ಸಿಕ್ಕಿದ ಸ್ವಾಗತ ನೋಡಿ. ಸಂಗೀತದ ಟಿವಿ ಚಾನೆಲ್ ಎಂಟಿವಿಯವರು ಹಾಡು ಹಾಕಿದರು, ಆದರೆ ಪಲ್ಲವಿಯಲ್ಲಿ ಬಂದೂಕು, ಗುಂಡು ಎಂಬ ಎರಡು ಮಾತನ್ನು ಅಳಿಸಿ ಹಾಕಿದರು. ಆಗ ಉಳಿದದ್ದೇನು? ಶೂ ಹಾಕಿಕೊಂಡ ಮಕ್ಕಳು ಓಡುತ್ತಿದ್ದಾರೆ, ಅಷ್ಟೇ. ಆಟದ ಮೈದಾನದ ಹಾಡಾಯಿತು! ನಿಷೇಧ ಅಂದರೆ ನನಗೆ ಆಗದೇ ಇರುವುದು ಇದಕ್ಕೇ. ಮಾತು ಕಿತ್ತುಹಾಕಿದರೆ ಕೇಳುವವನು ಇನ್ನಷ್ಟು ನಿಶ್ಚಿಂತೆಯಿಂದ ಕುಣಿಯುತ್ತಾನೆ. ನಿಮ್ಮ ಮಗಳ ಕಾಲೇಜಿನವರು ಈ ಹಾಡನ್ನು ನಿಲ್ಲಿಸಿದರೆ ಮುಂದಿನ ವರ್ಷ ಇನ್ನೊಂದು ಹಾಡು ಬರುತ್ತದೆ, ಅದರ ಅರ್ಥವೂ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಹಿಂದಿನ ಹಾಡುಗಳಲ್ಲಿ ಇಂಥದ್ದು ಇತ್ತೇ ಎಂದು ಕೇಳಿದ್ದೀರಿ. ಇತ್ತು ಗೌಡ್ರೇ, ಧಾರಾಳವಾಗಿ ಇತ್ತು. 'ಕೆರೆಗೆ ಹಾರ' ನೆನಪು ಮಾಡಿಕೊಳ್ಳಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕೆಂದು ಮನೆಯವರೇ ಕೂತು ತೀರ್ಮಾನ ಮಾಡುತ್ತಾರೆ. ಅವಳು ತವರಿಗೆ ಹೋಗಿ ಬರುತ್ತಾಳೆ. ವಿಷಯ ಗೊತ್ತಿದ್ದೂ ಮಿಂದು, ಉಟ್ಟು, ಪೂಜೆಗೆ ಬೇಕಾದ್ದನ್ನು ಹೊತ್ತು ಕೆರೆಗೆ ನಡೆಯುತ್ತಾಳೆ. ಒಂದೊಂದು ಮೆಟ್ಟಿಲು ಹತ್ತಿದಂತೆ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ ಏರುತ್ತದೆ. ದಂಡಿನಿಂದ ಬಂದ ಗಂಡನೂ ಕೊನೆಗೆ ಅದೇ ಕೆರೆಗೆ ಹಾರುತ್ತಾನೆ. ಸೊಸೆಯನ್ನು ಕುಟುಂಬವೇ ಕೊಂದ ಕಥೆ ಇದು. ನಮ್ಮ ಹೆಣ್ಣುಮಕ್ಕಳು ಕೆಲಸ ಮಾಡುತ್ತಾ, ಕೈ ಆಡಿದ ಹಾಗೆ ಲಯ ಹಾಕಿಕೊಂಡು ಇಂಥ ಪದಗಳನ್ನು ಹೇಳುತ್ತಿದ್ದರು. ಹಾಡು ನಿಲ್ಲಿಸಿ ಎಂದು ಯಾವ ಮಾವನೂ ಹೇಳಲಿಲ್ಲ. ಹೇಳಿದ್ದರೆ ಭಾಗೀರಥಿಯ ಹೆಸರು ಇವತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಅಷ್ಟೇಕೆ, ಗೋವಿನ ಹಾಡು. ಪ್ರೈಮರಿ ಶಾಲೆಯ ಮಕ್ಕಳು ಕೈ ತಟ್ಟಿಕೊಂಡು, ತಲೆ ಆಡಿಸಿಕೊಂಡು ಹಾಡುವ ಹಾಡು. ಅದರೊಳಗೆ ಇನ್ನೇನು ತಬ್ಬಲಿಯಾಗಲಿರುವ ಕರು ಕೇಳುತ್ತದೆ: ಇನ್ನು ಯಾರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ ಎಂದು. ಆ ಅಮೆರಿಕದ ಹುಡುಗ ಕೇಳಬೇಕಿದ್ದ ಪ್ರಶ್ನೆಯೂ ಇದೇ. ಕರುವಿಗೆ ಕೇಳಲು ಒಬ್ಬ ತಾಯಿ ಇದ್ದಳು. ಅವಳು ಅಕ್ಕತಂಗಿಯರ ಕೈಗೆ ಕರುವನ್ನು ಒಪ್ಪಿಸಿ ಹೋದಳು. ಹುಡುಗನ ಮನೆಯಲ್ಲಿ ಯಾರೂ ಇಲ್ಲ.

ಹಾಗಾಗಿ ಕ್ರೌರ್ಯ ಈಗ ಹೊಸದಾಗಿ ಹಾಡಿಗೆ ಬಂದದ್ದಲ್ಲ. ಆಗ ಕೇಳುವವರಿಗೆ ಮಾತು ಗೊತ್ತಿತ್ತು. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ. ನಾವು ಹಾಡು ಕೇಳುವುದನ್ನು ಬಿಟ್ಟು, ಬರೀ ಸದ್ದು ಕೇಳಲು ಶುರು ಮಾಡಿದ್ದೇವೆ.

ಇಂಗ್ಲಿಷ್ ಹಾಡು, ಭಾಷೆ ಬರಲಿಲ್ಲ ಅನ್ನೋಣ. ಕನ್ನಡದ ಗತಿ ಏನು? ಹಾಸನದ ಒಂದು ಛತ್ರದಲ್ಲಿ ಆರತಕ್ಷತೆಗೆ ಹೋಗಿದ್ದೆ. ಆರ್ಕೆಸ್ಟ್ರಾದ ಹುಡುಗ ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಎತ್ತಿಕೊಂಡ. ಚೆನ್ನಾಗಿಯೇ ಹಾಡಿದ, ಕಂಠ ಇತ್ತು. ಫೋಟೋದವನಿಗೆ ಹಾಡು ಬಹಳ ಅನುಕೂಲವಾಯಿತು. ಮದುಮಗನ ಗಲ್ಲ ಹಿಡಿದು ತಿರುಗಿಸಿ, 'ಅಕ್ಕಾ, ನೀವು ಅಣ್ಣನ್ನೇ ನೋಡಿ, ಅಣ್ಣಾ ನೀವು ನಾಚ್ಕೊಳ್ಳಿ' ಅಂತ ಕ್ಯಾಮೆರಾ ಹಿಡಿದ. ವೇದಿಕೆ ಮೇಲೆ ಗುಲಾಬಿ ಬಣ್ಣದ ಹೊಗೆ ಬಿಟ್ಟರು. ಎಲ್ಲರೂ ಚಪ್ಪಾಳೆ. ಆ ಪದ್ಯ ಬೇಂದ್ರೆ ಬರೆದದ್ದು ಮಗು ತೀರಿಕೊಂಡಾಗ. ಹೆಂಡತಿಯ ಕಣ್ಣನ್ನು ಎದುರಿಸಲಾರದೆ ಬರೆದದ್ದು. ನನ್ನ ಪಕ್ಕ ಕೂತಿದ್ದ ನಿವೃತ್ತ ಕನ್ನಡ ಮೇಷ್ಟ್ರು ಎಲೆ ಮೇಲಿನ ಕೈ ಹಾಗೇ ಬಿಟ್ಟು, 'ಇದನ್ನ ಪಾಠ ಮಾಡೋವಾಗ ನಂಗೆ ಪೂರ್ತಿ ಓದೋಕೆ ಆಗ್ತಿರಲಿಲ್ಲ ಕಣ್ರೀ' ಎಂದರು. ಮತ್ತೆ ಊಟ ಮಾಡಲಿಲ್ಲ.

ಹಾಡಿದ ಹುಡುಗನನ್ನು ಬೈಯುವುದಿಲ್ಲ. ಅವನಿಗೆ ಯಾರು ಹೇಳಿಕೊಟ್ಟರು? ಕಲಿತದ್ದು ಯೂಟ್ಯೂಬಿನಲ್ಲಿ, ಅಲ್ಲಿ ಬರೆದವರ ಹೆಸರೂ ಇರಲಿಲ್ಲವೇನೋ.

ನಮ್ಮ ಜಿಲ್ಲೆಗೆ ಈ ಮರೆವು ಶೋಭೆಯಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ನಮ್ಮದು. ಕರ್ನಾಟಕ ಸಂಗೀತಕ್ಕೆ ಆರ್.ಕೆ. ಶ್ರೀಕಂಠನ್ ಅವರನ್ನೂ ರುದ್ರಪಟ್ಟಣಂ ಸಹೋದರರನ್ನೂ ಕೊಟ್ಟ ಊರು. ಸಿ. ಅಶ್ವಥ್ ನಮ್ಮವರು, 1939ರಲ್ಲಿ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. ಅವರೂ ಫಾಸ್ಟರ್ ಥರವೇ ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಂಡಿದ್ದರು. ಬೆಂಗಳೂರಿನ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿಯುತ್ತಲೇ ರಾಗ ಹಾಕಿದರು. ಅವರು ಶಿಶುನಾಳ ಷರೀಫರ ಪದ ಹಾಡಿದ್ದನ್ನು ಕೇಳಿ. ಒಂದು ಮಾತಿನ ಮೇಲೆ ನಿಂತು, ಅದನ್ನೇ ಮತ್ತೆ ಎತ್ತಿ, ದನಿ ಒಡೆಯುವಷ್ಟು ಒತ್ತಿ ಹೇಳುತ್ತಾರೆ. ಕೇಳುವವನು ಮಾತನ್ನು ದಾಟಿ ಹೋಗುವುದಕ್ಕೆ ಬಿಡುವುದೇ ಇಲ್ಲ. 'ಕೋಡಗನ ಕೋಳಿ ನುಂಗಿತ್ತ' ಎಂದಾಗ ಮೊದಲು ನಗು ಬರುತ್ತದೆ. ಕೊನೆಗೆ ಗುರು ಗೋವಿಂದನ ಪಾದ ಆತ್ಮವನ್ನೇ ನುಂಗುವ ಹೊತ್ತಿಗೆ ನಗು ನಿಂತಿರುತ್ತದೆ. 1990ರಲ್ಲಿ ಬಂದ 'ಸಂತ ಶಿಶುನಾಳ ಷರೀಫ' ಚಿತ್ರದಿಂದ ಈ ಪದಗಳು ಹಳ್ಳಿಹಳ್ಳಿಯ ಟೇಪ್ ರೆಕಾರ್ಡರಿಗೆ ಬಂದವು. ಆಮೇಲೆ ರಘು ದೀಕ್ಷಿತ್ ತಮ್ಮ ಬ್ಯಾಂಡ್ ಕಟ್ಟಿಕೊಂಡು ಅವೇ ಪದಗಳನ್ನು ಗಿಟಾರಿನ ಜೊತೆ ವಿದೇಶದ ವೇದಿಕೆಗಳಿಗೂ ಒಯ್ದರು. ಅವರೂ ಕುಣಿಸಿದರು. ಕುಣಿಸುವುದು ತಪ್ಪಲ್ಲ. ಆದರೆ ಕಾಲೇಜು ವೇದಿಕೆಯಲ್ಲಿ ಇದನ್ನೇ ಹಾಡುವ ಹುಡುಗರನ್ನು 'ಕೊನೆಯ ಸಾಲು ಯಾಕೆ ಬಿಟ್ರಪ್ಪಾ' ಎಂದರೆ, 'ಸರ್, ಅಷ್ಟೊತ್ತಿಗೆ ಟೈಮ್ ಆಗಿರುತ್ತೆ' ಅನ್ನುತ್ತಾರೆ.

ಹಿಂದೆ ಮಾತು ಕೈಗೆ ಸಿಗುವ ದಾರಿಗಳಿದ್ದವು. ಟಾಕೀಸಿನ ಮುಂದೆ ಹಾಡಿನ ಪುಸ್ತಕ ಮಾರುತ್ತಿದ್ದರು, ನಿಮಗೂ ನೆನಪಿರಬೇಕು. ತೆಳ್ಳನೆಯ ಒರಟು ಕಾಗದ, ಅಚ್ಚಿನ ತಪ್ಪು ಬೇಕಾದಷ್ಟು. ಮೊದಲು ಅರ್ಧ ಕಥೆ ಹೇಳಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎನ್ನುತ್ತಿದ್ದರು. ಆಮೇಲೆ ಹಾಡುಗಳು, ಪ್ರತಿಯೊಂದರ ಜೊತೆ ಬರೆದವರ ಹೆಸರು. ನಮ್ಮಕ್ಕ ರೇಡಿಯೋ ಕೇಳಿ ನೋಟ್‌ಬುಕ್ಕಿನಲ್ಲಿ ಹಾಡು ಬರೆದುಕೊಳ್ಳುತ್ತಿದ್ದಳು. ಹಾಡಿನ ವೇಗಕ್ಕೆ ಕೈ ಓಡುತ್ತಿರಲಿಲ್ಲ. ಸಿಗದ ಸಾಲಿಗೆ ಜಾಗ ಬಿಟ್ಟು, ಅದೇ ಹಾಡು ಇನ್ನೊಂದು ದಿನ ಬಂದಾಗ ಸೌಟು ಕೆಳಗಿಟ್ಟು ಓಡಿಬಂದು ತುಂಬಿಸುತ್ತಿದ್ದಳು. ಕೆಲವು ಸಾಲು ತಿಂಗಳುಗಟ್ಟಲೆ ಖಾಲಿ ಇರುತ್ತಿದ್ದವು. ಆಕಾಶವಾಣಿಯವರು ಹಾಡಿಗೆ ಮೊದಲು ರಚನೆ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಹೇಳಿಯೇ ಹಾಡು ಹಾಕುತ್ತಿದ್ದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ, ಕವಿಯ ಹೆಸರು ಹಾಡುಗಾರರ ಹೆಸರಿನಷ್ಟೇ ಮನೆಮಾತಾಯಿತು.

ಈಗ ಫೋನಿನಲ್ಲಿ ಲಕ್ಷಗಟ್ಟಲೆ ಹಾಡು. ಹಾಡಿದವರ ಫೋಟೋ ದೊಡ್ಡದಾಗಿ ಬರುತ್ತದೆ. ಬರೆದವರ ಹೆಸರು ಬೇಕಾದರೆ ನಾಲ್ಕು ಕಡೆ ಒತ್ತಿ ಹುಡುಕಬೇಕು. ರೀಲ್ಸ್‌ನಲ್ಲಂತೂ ಹಾಡು ಹಾಡಾಗಿ ಉಳಿದೇ ಇಲ್ಲ. ಚಿಕ್ಕಮಗಳೂರಿಗೆ ಬಂದ ಪ್ರವಾಸಿಗರು ಮುಳ್ಳಯ್ಯನಗಿರಿಯ ಮೆಟ್ಟಿಲ ಮೇಲೆ ನಿಂತು ಹದಿನೈದು ಸೆಕೆಂಡಿನ ಪಲ್ಲವಿಗೆ ಕೂದಲು ಹಾರಿಸಿಕೊಂಡು ಹೋಗುತ್ತಾರೆ. ಅದು ವಿರಹದ ಹಾಡೋ, ಸಾವಿನ ಹಾಡೋ, ಯಾರಿಗೆ ಬೇಕು? ಹೋಂಸ್ಟೇಗಳಲ್ಲಿ ರಾತ್ರಿ ಹನ್ನೊಂದರವರೆಗೆ ಸ್ಪೀಕರ್ ಹಾಕುತ್ತಾರಲ್ಲ, ತೋಟದ ಲೈನ್ ಮನೆಗಳಲ್ಲಿ ಮಲಗಿದ ಕೂಲಿಯವರ ಮಕ್ಕಳಿಗೆ ನಿದ್ದೆ ಇಲ್ಲ. ಅಲ್ಲಿ ಕೇಳುವುದೂ ಬರೀ ಬೇಸಿನ ಗುದ್ದು.

ಇನ್ನು ನಮ್ಮ ಹುಡುಗರು ಸ್ವಂತ ಮಾತು ಬರೆದರೆ ಏನಾಗುತ್ತದೆ, ಅದನ್ನೂ ಕೇಳಿ. ಹಾಸನದ ಸುತ್ತಿನ ಹಳ್ಳಿಗಳ ನಾಲ್ಕು ಹುಡುಗರು ಸೇರಿ ಒಂದು ಬ್ಯಾಂಡ್ ಮಾಡಿಕೊಂಡಿದ್ದಾರೆ. ಹೆಸರು ಇನ್ನೂ ಗಟ್ಟಿಯಾಗಿಲ್ಲ. ಆಲೂಗಡ್ಡೆಗೆ ಅಂಗಮಾರಿ ಬಂದು ಹೊಲ ಕಪ್ಪಾದ ವರ್ಷದ ಮೇಲೆ ಅವರದ್ದೊಂದು ಹಾಡಿದೆ. ಬಿತ್ತನೆ ಗಡ್ಡೆಗೆ ಮಾಡಿದ ಸಾಲ, ಒಂದು ವಾರ ಬಿಡದ ಮೋಡ, ಔಷಧಿ ಅಂಗಡಿಯ ಬಾಕಿ, ಎಲೆಯ ಅಂಚಿನಿಂದ ಶುರುವಾಗುವ ಕಪ್ಪು, ಎಲ್ಲವೂ ಅದರಲ್ಲಿದೆ. ರಾಗ ಮಾತ್ರ ಕುಣಿಯುವ ರಾಗ. ನಾನು ಕೇಳಿದ್ದೇನೆ, ಕಾಲು ಸುಮ್ಮನಿರುವುದಿಲ್ಲ. ಅದನ್ನು ಒಂದು ಸ್ಪರ್ಧೆಗೆ ತಂದಾಗ ತೀರ್ಪುಗಾರರೊಬ್ಬರು ಮಧ್ಯದಲ್ಲೇ ಕೈ ಎತ್ತಿ, 'ಸಾಲ ಸೋಲ ಬೇಡ್ರಪ್ಪ, ಖುಷಿಯಾಗಿರೋದು ಏನಾದ್ರೂ ಹಾಡಿ' ಎಂದರು. ಹುಡುಗರು ಸಿನಿಮಾ ಹಾಡು ಹಾಡಿದರು. ಬಹುಮಾನವೂ ಬಂತು. ಆ ಬಹುಮಾನದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಉತ್ಸವ, ಜಯಂತಿ, ರಾಜ್ಯೋತ್ಸವ ಯಾವುದೇ ಬರಲಿ, ಹೊರಗಿಂದ ಬರುವ ಗಾಯಕರಿಗೆ ದೊಡ್ಡ ಮೊತ್ತ, ಕಾರು, ಹೋಟೆಲು. ಸ್ವಂತ ಹಾಡು ಕಟ್ಟಿದ ಊರ ಹುಡುಗರಿಗೆ ಶಾಲು, ಹಾರ, 'ಒಳ್ಳೆ ವೇದಿಕೆ ಕೊಟ್ಟಿದ್ದೇವೆ' ಎಂಬ ಮಾತು. ಗಿಟಾರಿನ ತಂತಿಗೂ ಆಗದ ಸಂಭಾವನೆಯಲ್ಲಿ ಯಾರು ಬರೆಯುತ್ತಾರೆ? ಅಮೆರಿಕದ ಹುಡುಗರ ಹಾಡು ಹಾಸನದ ಕಾಲೇಜಿಗೆ ಬಂದು ಕುಣಿಸುತ್ತದೆ, ಹಾಸನದ ಹುಡುಗರ ಹಾಡು ಹಾಸನದಲ್ಲೇ ಅರ್ಧಕ್ಕೆ ನಿಲ್ಲುತ್ತದೆ. ನೀವು ಸಿಟ್ಟಾಗುವುದಿದ್ದರೆ ಇದಕ್ಕೆ ಸಿಟ್ಟಾಗಿ ಗೌಡ್ರೇ, ನಾನೂ ಜೊತೆಗಿರುತ್ತೇನೆ.

ಒಂದು ಮಾತು ನಿಮಗೇ ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ. ಹಾಡಿನಲ್ಲಿ ಅಪ್ಪನ ಬೀರು ಬರುತ್ತದೆ. ಮಲೆನಾಡಿನ ತೋಟದ ಮನೆಗಳಲ್ಲಿ ಕೋವಿ ಇರುವುದು ಹೊಸ ಸಂಗತಿಯಲ್ಲ. ಬೆಳೆ ಕಾಯಲು ಲೈಸೆನ್ಸ್ ಪಡೆದು ಇಟ್ಟುಕೊಂಡಿರುತ್ತೀರಿ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬರುತ್ತೀರಿ, ಮುಗಿದ ಮೇಲೆ ತರುತ್ತೀರಿ. ಎಷ್ಟೋ ಮನೆಗಳಲ್ಲಿ ಅದು ಬಾಗಿಲ ಹಿಂದೆಯೋ ನಡುಮನೆಯ ಗೋಡೆಗೋ ಇರುವುದನ್ನು ನೋಡಿದ್ದೇನೆ, ತೋಟಾ ಅಲ್ಲೇ ಪಕ್ಕದ ಡ್ರಾಯರಿನಲ್ಲಿ. ಹಾಡು ನಿಲ್ಲಿಸುವ ಮೊದಲು ಆ ಬೀರುವಿಗೆ ಬೀಗ ಹಾಕಿ. ಕೀ ನಿಮ್ಮ ಸೊಂಟದಲ್ಲಿರಲಿ. ಮನೆಯಲ್ಲಿ ಮಂಕಾಗಿ ಕೂರುವ, ಊಟ ಬಿಡುವ, ಮಾತು ಕಡಿಮೆ ಮಾಡಿದ ಹುಡುಗನಿದ್ದರೆ ಬೀಗ ಎರಡು ಹಾಕಿ, ಅವನ ಪಕ್ಕದಲ್ಲಿ ಕೂತುಕೊಳ್ಳಿ. ಈ ಹಾಡಿನಿಂದ ಮಲೆನಾಡಿನ ಒಂದು ಮನೆಯಲ್ಲಿ ಇಷ್ಟಾದರೂ ನಡೆದರೆ ಹಾಡು ಸಾರ್ಥಕ ಅನ್ನುತ್ತೇನೆ.

ಕೊನೆಗೆ ಫಾಸ್ಟರ್ ವಿಷಯ. ಅಮೆರಿಕದಲ್ಲಿ ಶಾಲೆಗಳ ಮೇಲೆ ದಾಳಿ ನಿಲ್ಲಲೇ ಇಲ್ಲ. 2019ರಲ್ಲಿ ಅವರು, ಈ ಹಾಡನ್ನು ಇನ್ನು ಹಾಡದೇ ಬಿಡುವ ಯೋಚನೆ ಮಾಡುತ್ತಿದ್ದೇನೆ ಎಂದರು. ಅನ್ನ ಕೊಟ್ಟ ಹಾಡು ಅದು. ಹೋದಲ್ಲೆಲ್ಲ ಜನ ಕೇಳುವುದು ಅದನ್ನೇ. ಅಂಥದ್ದನ್ನು ಬಿಡುವ ಯೋಚನೆ ಮಾಡಿದ ಮನುಷ್ಯನನ್ನು ಕಂಡರೆ ನನಗೆ ಗೌರವ. ಬರೆದವನಿಗೆ ಆ ಹಕ್ಕು ಇದೆ. ಅವನು ಮಾತಿನ ಭಾರ ಹೊತ್ತುಕೊಂಡೇ ನಿಲ್ಲಿಸುತ್ತಾನೆ. ಮಾತು ಓದದೆ ಸುತ್ತೋಲೆ ಹೊರಡಿಸುವ ಪ್ರಿನ್ಸಿಪಾಲರಿಗೆ ಆ ಹಕ್ಕು ಕೊಡಲು ನನಗೆ ಮನಸ್ಸಿಲ್ಲ.

ಹಾಗಾಗಿ ನೀವು ಕೇಳಿದ ನಿಷೇಧದ ಲೇಖನ ನಮ್ಮಲ್ಲಿ ಬರುವುದಿಲ್ಲ. ಬದಲಿಗೆ ಮುಂದಿನ ಸಂಚಿಕೆಯಿಂದ ಒಂದು ಪುಟ ತೆಗೆದಿಟ್ಟಿದ್ದೇನೆ. ಹಾಸನ, ಚಿಕ್ಕಮಗಳೂರು ಜಿಲ್ಲೆಯ ಹುಡುಗ ಹುಡುಗಿಯರು ತಾವೇ ಕಟ್ಟಿದ ಹಾಡುಗಳ ಪೂರ್ತಿ ಮಾತು, ಬರೆದವರ ಹೆಸರಿನ ಸಮೇತ ಅಲ್ಲಿ ಅಚ್ಚಾಗುತ್ತದೆ. ಮೊದಲು ಬರುವುದು ಆಲೂಗಡ್ಡೆಯ ಹಾಡು, ಒಂದು ಸಾಲೂ ಬಿಡದೆ. ಎರಡನೆಯದಕ್ಕೆ ನಿಮ್ಮ ಮಗಳು ಬರೆಯಲಿ. ಕಾರಿನಲ್ಲಿ ನಿಮಗೆ ಅಷ್ಟು ಸ್ಪಷ್ಟವಾಗಿ ಅರ್ಥ ಹೇಳಿದ ಹುಡುಗಿ ಅದು. ಆ ರಾತ್ರಿ ಶಿರಾಡಿ ಕಡೆ ಹೋಗುವ ಲಾರಿಗಳ ಮಧ್ಯೆ ಅಪ್ಪ ಮಗಳು ಇನ್ನೇನು ಮಾತಾಡಿದಿರಿ, ಅದನ್ನೇ ಬರೆದು ಕಳಿಸಿದರೂ ಆದೀತು. ಹತ್ತನೇ ತಾರೀಖಿನೊಳಗೆ ತಲುಪಿಸಿ.